ಒಂದೇ ಅಕ್ಷರ ತಪ್ಪಿದರೆ ಇಷ್ಟೆಲ್ಲ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಅಕ್ಕನ ಮಗನಿಗೆ ಒಂದೂವರೆ ವರ್ಷ. ಸಿಕಲ್ ಸೆಲ್ ಕಾಯಿಲೆ ಅಂತ ರಿಪೋರ್ಟ್ ಬಂದಿದೆ. ಡಿಎನ್‌ಎಯಲ್ಲಿ ಒಂದಕ್ಷರ ಬದಲಾಗಿದೆಯಂತೆ. ಸುಮಾರು 300 ಕೋಟಿ ಅಕ್ಷರಗಳಲ್ಲಿ ಒಂದು ತಪ್ಪಿದರೆ ಏನು ಮಹಾ? ಹುಟ್ಟಿದಾಗ ಮಗು ಚೆನ್ನಾಗೇ ಇತ್ತು. ಅಕ್ಕ, ಭಾವ ಕೂಡ ಗಟ್ಟಿಮುಟ್ಟಾಗಿದ್ದಾರೆ.

ಉತ್ತರ: ತಪ್ಪು ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ಮುಖ್ಯ. ‘ಹಾಲು’ ಎನ್ನುವ ಕಡೆ ‘ಹಾಳು’ ಎಂದು ಬರೆದ ಹಾಗೆ. ಎಷ್ಟೋ ಅಕ್ಷರಗಳು ಬದಲಾದರೂ ಏನೂ ಆಗುವುದಿಲ್ಲ. ನನ್ನಲ್ಲೂ ನಿಮ್ಮಲ್ಲೂ ಅಂಥವು ಲಕ್ಷಗಟ್ಟಲೆ ಇವೆ.

ಇಲ್ಲಿ ತಪ್ಪಿರುವುದು ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್, ತಯಾರಿಸುವ ಜೀನ್‌ನಲ್ಲಿ. ‘ಎ’ ಇರಬೇಕಾದಲ್ಲಿ ‘ಟಿ’ ಕೂತಿದೆ. ಅದರಿಂದ ಪ್ರೋಟೀನ್ ಸರಪಳಿಯ ಆರನೇ ಕೊಂಡಿ ಬದಲಾಯಿತು. ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂತು. ವ್ಯಾಲೀನ್‌ಗೆ ನೀರು ಕಂಡರಾಗದು. ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಈ ವ್ಯಾಲೀನ್ ಪಕ್ಕದ ಹಿಮೋಗ್ಲೋಬಿನ್‌ನ ಗುಳಿಯೊಳಗೆ ತೂರಿಕೊಳ್ಳುತ್ತದೆ. ಹೀಗೆ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ಆ ಎಳೆಗಳು ಒಳಗಿನಿಂದ ಒತ್ತಿ, ದುಂಡಗಿದ್ದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಶ್ವಾಸಕೋಶಕ್ಕೆ ಹೋಗಿ ಆಮ್ಲಜನಕ ಸಿಕ್ಕರೆ ಮತ್ತೆ ಸರಿಯಾಗುತ್ತದೆ. ಆದರೆ ಬಾಗಿ ಬಾಗಿ ಪೊರೆ ಹಾಳಾಗಿ ಕೊನೆಗೆ ಹಾಗೇ ಉಳಿದುಬಿಡುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ವಿಪರೀತ ನೋವು. 120 ದಿನ ಬದುಕಬೇಕಾದ ಕಣ 10-20 ದಿನಕ್ಕೇ ಸಾಯುವುದರಿಂದ ರಕ್ತಹೀನತೆ.

ಅಕ್ಕ, ಭಾವ ಇಬ್ಬರಲ್ಲೂ ಒಂದು ಸರಿಯಾದ ಜೀನ್, ಒಂದು ತಪ್ಪು ಜೀನ್ ಇರಬೇಕು. ಸರಿಯಿರುವ ಒಂದು ಅವರನ್ನು ಕಾಪಾಡಿದೆ. ಮಗುವಿಗೆ ಎರಡೂ ಕಡೆಯಿಂದ ತಪ್ಪಿದ್ದೇ ಬಂದಿದೆ. ಪ್ರತಿ ಬಸುರಿನಲ್ಲೂ ಇದಕ್ಕೆ ನಾಲ್ಕರಲ್ಲಿ ಒಂದು ಸಾಧ್ಯತೆ. ಒಂದು ಮಗುವಿಗೆ ಬಂತಲ್ಲ, ಇನ್ನು ಮೂರಕ್ಕೆ ಬರಲ್ಲ ಅನ್ನೋ ಲೆಕ್ಕ ಬೇಡ.

ಇನ್ನೊಬ್ಬ ಸದಸ್ಯರು: ಸರ್, ಕ್ಯಾನ್ಸರ್ ಕೂಡ ಡಿಎನ್‌ಎ ದೋಷವೇ ಅಲ್ವಾ? ನಮ್ಮಪ್ಪನಿಗೆ ಇತ್ತು. ನನಗೂ ಬರುತ್ತಾ?

ಉತ್ತರ: ದೋಷವೇ, ಆದರೆ ದಾರಿ ಬೇರೆ. ಬಹುಪಾಲು ಕ್ಯಾನ್ಸರ್‌ಗಳಲ್ಲಿ ತಪ್ಪು ಹುಟ್ಟಿದ ಮೇಲೆ, ಯಾವುದೋ ಒಂದು ಜೀವಕೋಶದಲ್ಲಿ ಶುರುವಾಗುತ್ತದೆ. ಹೊಗೆಸೊಪ್ಪು, ಬಿಸಿಲು, ವಯಸ್ಸು, ಕೆಲವೊಮ್ಮೆ ಸುಮ್ನೆ ನಕಲು ಮಾಡುವಾಗಿನ ಎಡವಟ್ಟು. ಸಾಮಾನ್ಯವಾಗಿ ಒಂದು ತಪ್ಪು ಸಾಲದು, ವರ್ಷಗಟ್ಟಲೆ ಹಲವು ಸೇರಬೇಕು. ಅಂಥವು ಮಕ್ಕಳಿಗೆ ಹೋಗುವುದಿಲ್ಲ. ವಂಶದಿಂದ ಬರುವವು ನೂರಕ್ಕೆ 5ರಿಂದ 10 ಅಷ್ಟೇ. ಮನೆಯಲ್ಲಿ ಹಲವರಿಗೆ ಅಥವಾ ಚಿಕ್ಕ ವಯಸ್ಸಿಗೇ ಬಂದಿದ್ದರೆ ಜೆನೆಟಿಕ್ ಕೌನ್ಸೆಲರ್ (ವಂಶದಿಂದ ಬರುವ ಕಾಯಿಲೆಗಳ ಸಲಹೆಗಾರರು) ಹತ್ತಿರ ಮಾತಾಡಿ.

ಮೊದಲು ಕೇಳಿದವರು: ತಪ್ಪಿದ ಅಕ್ಷರ ತಿದ್ದಲು ಆಗಲ್ವಾ ಡಾಕ್ಟ್ರೇ?

ಉತ್ತರ: 2023ರಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ರಿಸ್ಪರ್ (ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸುವ ತಂತ್ರ) ಚಿಕಿತ್ಸೆ ಇದೆ, 12 ವರ್ಷ ತುಂಬಿದವರಿಗೆ. ತಮಾಷೆ ಅಂದರೆ ಅದು ಆ ಅಕ್ಷರವನ್ನು ಮುಟ್ಟುವುದೇ ಇಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತದೆ, ಅದರಲ್ಲಿ ಈ ದೋಷವಿಲ್ಲ. ನಿಮ್ಮ ಅಕ್ಕನ ಮಗು ಹುಟ್ಟಿದಾಗ ಚೆನ್ನಾಗಿದ್ದದ್ದು ಅದರಿಂದಲೇ. ಹುಟ್ಟಿದ ಮೇಲೆ ಅದನ್ನು ಆಫ್ ಮಾಡುವ ಸ್ವಿಚ್ಚನ್ನೇ ಕೆಡಿಸಿ, ಮತ್ತೆ ಆ ಹಿಮೋಗ್ಲೋಬಿನ್ ತಯಾರಾಗುವಂತೆ ಮಾಡುತ್ತಾರೆ. ಹೈಡ್ರಾಕ್ಸಿಯೂರಿಯಾ ಅನ್ನೋ ಮಾತ್ರೆಯೂ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ, ಪುಟ್ಟ ಮಕ್ಕಳಿಗೂ ಕೊಡುತ್ತಾರೆ. ಮುಂದಿನ ಸಲ ಹೋದಾಗ ನಿಮ್ಮ ಡಾಕ್ಟರನ್ನು ಅದರ ಬಗ್ಗೆ ಕೇಳಿ. ಮಗುವಿಗೆ ಜ್ವರ ಬಂದರೆ ಮಾತ್ರ ಮನೆಯಲ್ಲಿ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.