ಕಟ್ಟುತ್ತಿರುವ ಮನೆಯಲ್ಲಿ ಯಾವ ಯಾವ ಖನಿಜಗಳಿವೆ?

ಪ್ರಶ್ನೆ: ನಮಸ್ಕಾರ ಸರ್. ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗಣಿಗಾರಿಕೆಯಿಂದ ನಮಗೇನೂ ಆಗಬೇಕಾದುದಿಲ್ಲ ಎಂದು ನಾನು ಹೇಳಿದಾಗ, ಕಾಲೇಜಿನಲ್ಲಿ ಓದುತ್ತಿರುವ ಮಗಳು ಈ ಮನೆಯೇ ಗಣಿಯಿಂದ ಬಂದದ್ದು ಎಂದಳು. ಭೂವಿಜ್ಞಾನಿಗಳಾದ ತಾವು ದಯವಿಟ್ಟು ವಿವರಿಸಬೇಕು.

ಉತ್ತರ: ತಮ್ಮ ಮಗಳು ಹೇಳಿದ್ದು ಸರಿಯಾಗಿದೆ. ಮೊದಲು ಸಿಮೆಂಟನ್ನೇ ನೋಡೋಣ. ಕಲಬುರಗಿ ಜಿಲ್ಲೆಯ ಸೇಡಂ, ವಾಡಿ, ಶಹಾಬಾದ್ ಸುತ್ತಮುತ್ತ ದೊರೆಯುವಂಥ ಸುಣ್ಣದಕಲ್ಲನ್ನು ಜೇಡಿಮಣ್ಣಿನೊಂದಿಗೆ ಅರೆದು, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಇದನ್ನು ಹಾಗೆಯೇ ಪುಡಿಮಾಡಿ ನೀರು ಬೆರೆಸಿದರೆ, ಮೇಸ್ತ್ರಿ ಕರಣೆ ಎತ್ತುವಷ್ಟರಲ್ಲಿ ಗಟ್ಟಿಯಾಗಿಬಿಡುತ್ತದೆ. ಆದ್ದರಿಂದ ಅರೆಯುವಾಗ ಶೇ. 3ರಿಂದ 5ರಷ್ಟು ಜಿಪ್ಸಂ ಸೇರಿಸುತ್ತಾರೆ. ಇಷ್ಟು ಸಣ್ಣ ಪ್ರಮಾಣದ ಖನಿಜವೊಂದು ಇಡೀ ಕೆಲಸಕ್ಕೆ ಸಮಯ ಒದಗಿಸಿಕೊಡುವುದು ನನಗೆ ಇಂದಿಗೂ ಬಹಳ ಮೆಚ್ಚಿಕೆಯ ಸಂಗತಿ. ಕಂಬಿಯ ಉಕ್ಕು ಸಂಡೂರಿನ ಬೆಟ್ಟಗಳಲ್ಲಿರುವ ಹೆಮಟೈಟ್‌ನಂಥ ಕಬ್ಬಿಣದ ಅದಿರಿನದು, ಕಿಟಕಿಯ ಗಾಜು ಬೆಣಚುಕಲ್ಲಿನ ಮರಳಿನದು, ವಿದ್ಯುತ್ ತಂತಿ ತಾಮ್ರದ ಅದಿರಿನದು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಸರ್, ಕಲ್ಲನ್ನು ಯಂತ್ರದಲ್ಲಿ ಒಡೆದು ತಯಾರಿಸುವ ಎಂ-ಸ್ಯಾಂಡ್ ಮರಳನ್ನು ಬಳಸಿದರೆ ಗೋಡೆಯ ಗಾರೆ ಬಿರುಕು ಬಿಡುತ್ತದೆ ಎಂದು ನಮ್ಮ ಮೇಸ್ತ್ರಿ ಹೇಳುತ್ತಾರೆ. ನಿಜವೇ?

ಉತ್ತರ: ಮರಳಿನ ಗುಣಮಟ್ಟ ಸರಿಯಿಲ್ಲದಿದ್ದರೆ ಹಾಗಾಗಬಹುದು. ನದಿಯ ಮರಳಿನಲ್ಲಿ ಬಹುಪಾಲು ಉಳಿದಿರುವುದು ಬೆಣಚುಕಲ್ಲು, ಏಕೆಂದರೆ ಮೆದುವಾದ ಖನಿಜಗಳು ದೀರ್ಘಕಾಲದ ಹರಿವಿನಲ್ಲಿ ಸವೆದು ಕೊಚ್ಚಿಹೋಗಿರುತ್ತವೆ. ಗ್ರಾನೈಟನ್ನು ಯಂತ್ರದಲ್ಲಿ ಒಡೆದಾಗಲಾದರೋ ಫೆಲ್ಡ್‌ಸ್ಪಾರ್, ಕಾಗೆಬಂಗಾರ ಎಂದು ಕರೆಯುವ ಅಭ್ರಕ, ನುಣುಪಾದ ಕಲ್ಲುಪುಡಿ ಎಲ್ಲವೂ ಒಟ್ಟಿಗೆ ಬರುತ್ತವೆ. ಅಭ್ರಕದ ತೆಳುಹಾಳೆಗಳಿಗೆ ಸಿಮೆಂಟ್ ಚೆನ್ನಾಗಿ ಅಂಟುವುದಿಲ್ಲ. ಪುಡಿ ಹೆಚ್ಚಿದ್ದರೆ ಕಲಸಲು ನೀರು ಹೆಚ್ಚು ಬೇಕಾಗಿ, ಗಾರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಆದರೂ ನದಿಗಳ ಒಡಲು ಬಗೆಯುವುದಕ್ಕಿಂತ ಎಂ-ಸ್ಯಾಂಡ್ ಬಳಸುವುದೇ ಸರಿಯೆಂಬುದು ನನ್ನ ದೃಢ ಅಭಿಪ್ರಾಯ. ಕಾಂಕ್ರೀಟಿಗೆ ಅದನ್ನು ಬಳಸಲು 2016ರ ಐಎಸ್ 383 ಎಂಬ ಭಾರತೀಯ ಮಾನದಂಡವೂ ಅವಕಾಶ ಕೊಟ್ಟಿದೆ. ಗಾರೆಗೆ ಮಾತ್ರ ಪಿ-ಸ್ಯಾಂಡ್ ಎಂದು ಮಾರುವ, ತೊಳೆದು ಸಣ್ಣ ಜರಡಿ ಹಿಡಿದ ಮರಳನ್ನೇ ಕೇಳಿ ಪಡೆಯಿರಿ. ಲೋಡ್ ಇಳಿಸುವ ಮುನ್ನ ಒಂದು ಹಿಡಿ ಮರಳನ್ನು ಗಾಜಿನ ಲೋಟದ ನೀರಿನಲ್ಲಿ ಕಲಕಿ ಸ್ವಲ್ಪ ಹೊತ್ತು ಬಿಡಿ. ಮೇಲೆ ದಪ್ಪನೆಯ ಪುಡಿಯ ಪದರ ನಿಂತರೆ ಆ ಲೋಡನ್ನು ಹಿಂದಕ್ಕೆ ಕಳುಹಿಸಿ.