ಜರ್ಮನ್ ಪರೀಕ್ಷೆ ಪಾಸಾದೆ, ಆದರೆ ಕೆಳಗಿನ ಮನೆ ಅಜ್ಜಿ ಮಾತು ತಿಳಿಯೋದಿಲ್ಲ

ಶಹಾಪುರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿ ಶಹಾಪುರದವಳು. ಮದುವೆಯಾಗಿ ಎಂಟು ತಿಂಗಳ ಹಿಂದೆ ಜರ್ಮನಿಗೆ ಬಂದೆ. ಸ್ಟುಟ್‌ಗಾರ್ಟ್ ಹತ್ತಿರ ಒಂದು ಸಣ್ಣ ಊರು. ವೀಸಾಕ್ಕೆ ಬೇಕು ಅಂತ ಎ1, ಅಂದರೆ ಮೊದಲ ಹಂತದ ಜರ್ಮನ್ ಪರೀಕ್ಷೆ ಬರೆದಿದ್ದೆ. ಪಾಸಾಗಲು ನೂರಕ್ಕೆ 60 ಸಾಕು, ನನಗೆ 84 ಬಂದಿತ್ತು. ಅವ್ವ ಓಣಿ ತುಂಬ ಕುಂದಾ ಹಂಚಿದ್ದಳು.

ಇಲ್ಲಿಗೆ ಬಂದ ಮೇಲೆ ಆ 84 ಎಲ್ಲಿ ಹೋಯಿತೋ! ನಮ್ಮ ಮನೆಯವರ ಆಫೀಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ನನಗೆ ಜರ್ಮನ್ ಬೇಕಾಗೋದು ಮೆಟ್ಟಿಲ ಮೇಲೆ, ಕೆಳಗಿನ ಮನೆ ಅಜ್ಜಿ ಸಿಕ್ಕಾಗ. ಅವರು ಹೇಳಿದ್ದು ಒಂದೂ ಕಿವಿಗೆ ಹಿಡಿಯೋದಿಲ್ಲ. ಸುಮ್ನೆ ನಕ್ಕು "ಯಾ, ಯಾ" ಅಂತೇನೆ.

ಅದರಿಂದಲೇ ಎಡವಟ್ಟಾಯಿತು. ಹೋದ ತಿಂಗಳು ಏನೋ ಕೇಳಿದರು, ಯಾ ಅಂದೆ. ಮರುದಿನ ನಮ್ಮ ಬಾಗಿಲ ಹಿಡಿಕೆಗೆ ಒಂದು ಪುಟ್ಟ ಹಲಗೆ ತೂಗುತ್ತಿತ್ತು. "ಕೇರ್‌ವೋಖೆ" ಅಂತ ಬರೆದಿತ್ತು. ಯಾವುದೋ ಹಬ್ಬದ್ದಿರಬೇಕು ಅಂದುಕೊಂಡು ಒರೆಸಿ ಗಣಪತಿ ಫೋಟೋ ಪಕ್ಕ ಇಟ್ಟೆ. ಸೋಮವಾರ ಅಜ್ಜಿ ಮಗಳ ಮನೆಯಿಂದ ಬಂದರು. ಮೆಟ್ಟಿಲ ಧೂಳು ನೋಡಿ ಮುಖ ಕೆಂಪಾಯಿತು. ಮೆಟ್ಟಿಲು ಗುಡಿಸಿ ಒರೆಸುವ ವಾರದ ಪಾಳಿಯಂತೆ ಅದು. "ನನ್ನ ವಾರ ನೀನು ಮಾಡ್ತೀಯಾ" ಅಂತ ಕೇಳಿದ್ದರಂತೆ. ಹಲಗೆ ದೇವರ ಮುಂದೆ!

ಆಪ್‌ನಲ್ಲಿ "ಹುಡುಗ ಸೇಬು ತಿನ್ನುತ್ತಾನೆ" ಅಂತ ಓದಿ ಓದಿ ಸಾಕಾಗಿದೆ. ಮನೆಯಲ್ಲಿದ್ದುಕೊಂಡು ಮಾತು ಕಲಿಯೋದು ಹೇಗೆ?

ಇನ್ನೊಂದು ಮಾತು. ಅಂಗಡಿಯಲ್ಲಿ "ಹಿರ್ಸೆ" ಅಂತ ಬರೆದದ್ದನ್ನು ಜೋಳ ಅಂತ ತಂದು ಮಿಕ್ಸರ್‌ಗೆ ಹಾಕಿ ಹಿಟ್ಟು ಮಾಡಿದೆ. ರೊಟ್ಟಿ ಬಡಿಯಲು ಕೂತರೆ ಅಂಚೆಲ್ಲ ಒಡೆದು ಕೈಯಲ್ಲೇ ಪುಡಿಪುಡಿ. ಜೋಳಕ್ಕೆ ಇಲ್ಲಿ ಏನಂತಾರೆ?

ಜಮಖಂಡಿ ಅಕ್ಕ:

ತಂಗಿ, ನಿನ್ನ ಕಿವಿ ಸರಿಯಾಗೇ ಇದೆ. ನೀನು ಕಲಿತದ್ದು ಪುಸ್ತಕದ ಜರ್ಮನ್, ಅಜ್ಜಿ ಆಡೋದು ಶ್ವಾಬಿಶ್, ಆ ಕಡೆಯ ಆಡುಮಾತು. ಪಾಠದಲ್ಲಿ "ಏನು ಮಾಡುತ್ತಿದ್ದೀರಿ" ಅಂತ ಕಲಿತವರು ನಮ್ಮ ಜಮಖಂಡಿ ಸಂತೆಯಲ್ಲಿ ನಿಂತು "ಏನ್ ಮಾಡಾಕತ್ತೀರಿ" ಅನ್ನೋದನ್ನು ಕೇಳಿಸಿಕೊಂಡ ಹಾಗೆ. "ಇಸ್ಟ್", ಅಂದರೆ ಇದೆ, ಅನ್ನೋದನ್ನು ಅವರು "ಇಶ್" ಅಂತಾರೆ. ಸ್ವಲ್ಪ ಅನ್ನಲು ಪುಸ್ತಕದಲ್ಲಿ "ಬಿಸ್‌ಶೆನ್", ಅಜ್ಜಿ ಬಾಯಲ್ಲಿ "ಬಿಸ್ಲೆ". ಮನೆ "ಹಾಯ್ಸ್ಲೆ" ಆಗ್ತದೆ. ಆ "ಲೆ" ಕೇಳಿಸಿತು ಅಂದರೆ ಪ್ರೀತಿಯಿಂದ ಪುಟ್ಟದು ಮಾಡಿ ಹೇಳ್ತಿದ್ದಾರೆ ಅಂತ ತಿಳಿ.

ಮೊದಲು ಆ "ಯಾ" ಬಿಡು. ಬದಲಿಗೆ "ನೋಖ್ ಮಾಲ್, ಬಿಟ್ಟೆ. ಲಾಂಗ್‌ಸಾಮ್" ಅನ್ನು. ಇನ್ನೊಮ್ಮೆ ಹೇಳ್ರಿ, ನಿಧಾನ, ಅಂತ. ನಾನು ಮೊದಲ ವರ್ಷ ಇದೊಂದೇ ವಾಕ್ಯದ ಮೇಲೆ ದಿನ ತೆಗೆದೆ.

ಇಂಟಿಗ್ರೇಷನ್ ಕೋರ್ಸಿಗೂ ಹೆಸರು ಹಚ್ಚು. 600 ತಾಸು ಭಾಷೆ, 100 ತಾಸು ಇಲ್ಲಿನ ಕಾಯ್ದೆ, ಇತಿಹಾಸ. ಬಿ1, ಅಂದರೆ ಮೂರನೇ ಹಂತದ ವರೆಗೆ ಕಲಿಸ್ತಾರೆ. ಮನೆಯಿಂದ ಹೊರಗೆ ಬೀಳೋದಕ್ಕೂ ಒಂದು ನೆಪ ಆಗ್ತದೆ. ನನಗೆ ಬೇಕಾಗಿದ್ದು ಅದೇ, ಭಾಷೆ ಆಮೇಲೆ ಬಂತು.

ನೀನು ತಂದ ಹಿರ್ಸೆ ನಮ್ಮ ಬರಗು. ಅದರ ರೊಟ್ಟಿ ಒಡೆಯದೆ ಏನಾದೀತು? ಜೋಳ ಬೇಕಾದರೆ ಪೊಟ್ಟಣದ ಮೇಲೆ "ಸೋರ್ಗುಮ್" ಅಂತ ಇದೆಯಾ ನೋಡು. ನಮ್ಮವರ ಕಿರಾಣಿ ಅಂಗಡಿ ಇದ್ದರೆ ಜ್ವಾರ್ ಆಟಾ ಅಂತ ಕೇಳು. ಕುದಿಯುವ ನೀರು ಹಾಕಿ ನಾದು. ಗಾಜಿನ ಒಲೆ ಮೇಲೆ ಉಬ್ಬಿಸೋಕೆ ಬೆಂಕಿ ಇಲ್ಲ, ಬಟ್ಟೆಯಿಂದ ಒತ್ತು.

ವಡಗಾವಿ ರಿಕ್ಷಾ ಸ್ಟ್ಯಾಂಡ್:

ನಾನು ಬೆಳಗಾವಿ ಬಿಟ್ಟು ಎಲ್ಲೂ ಹೋದವನಲ್ಲ. ನನ್ನ ಮಗಳು ಜರ್ಮನ್ ಕಲಿಯುತ್ತಾಳೆ, ಅವಳಿಂದ ಕೇಳಿದ್ದು. ಅವರು 25 ಅನ್ನಲು ಐದು ಮೊದಲು ಹೇಳಿ ಆಮೇಲೆ ಇಪ್ಪತ್ತು ಅಂತಾರಂತೆ. ಕ್ಲಾಸಿನವರೆಲ್ಲ ತಲೆ ಕೆರೆದುಕೊಂಡರೆ ನಮ್ಮ ಹುಡುಗಿ ನಕ್ಕಳಂತೆ. ಮರಾಠಿ ಪಂಚವೀಸ ಮತ್ತೇನು? ಶಹಾಪುರದಲ್ಲಿ ಕಾಯಿಪಲ್ಲೆ ಕೊಂಡವರಿಗೆ ಅದನ್ನು ಕಲಿಸಬೇಕಾ?

ವಿಜಯಪುರದ ಕಾಕಾ:

ತಂಗೆವ್ವ, ನಾನು ಅಲ್ಲಿ ಆರು ವರ್ಷ ಇದ್ದು ಬಂದೆ. ಒಂದು ಗುಟ್ಟು ಹೇಳ್ತೀನಿ, ಇಂಗ್ಲಿಷ್ ಮೂಲಕ ಜರ್ಮನ್‌ಗೆ ಹೋಗಬೇಡ. ಮೊದಲ ಚಳಿಗಾಲದಲ್ಲಿ ಇಂಗ್ಲಿಷ್ ನೆನೆಸಿಕೊಂಡು "ಇಶ್ ಬಿನ್ ಕಾಲ್ಟ್" ಅಂದೆ. ಜೊತೆಯವರು ಮುಖ ಮುಖ ನೋಡಿದರು. ನಾನು ಕಲ್ಲೆದೆಯವನು ಅಂದ ಹಾಗಾಯಿತಂತೆ. ಸರಿಯಾದದ್ದು "ಮಿಯರ್ ಇಸ್ಟ್ ಕಾಲ್ಟ್". ಅಂದರೆ "ನನಗೆ ಚಳಿ". ನೋಡು, ನಮ್ಮ "ಗೆ" ಅಲ್ಲೇ ಕೂತಿದೆ. "ಡಾಸ್ ಗೆಫೆಲ್ಟ್ ಮಿಯರ್" ಅಂದರೆ "ಅದು ನನಗೆ ಸೇರ್ತದೆ". "ವೈಲ್", ಅಂದರೆ ಯಾಕಂದರೆ, ಬಂದರೆ ಕ್ರಿಯಾಪದ ಕೊನೆಗೆ ಓಡ್ತದೆ, ಅದೂ ನಮ್ಮದೇ ಚಾಳಿ.

ಕಸದ ಡಬ್ಬಿಗಳ ಬಣ್ಣ ಮಾತ್ರ ನನಗೆ ಕಡೇತನಕ ತಿಳಿಯಲಿಲ್ಲ.

ಶಹಾಪುರದ ಹುಡುಗಿ:

ಅಕ್ಕಾ, ಕಾಕಾ, ರಿಕ್ಷಾ ಅಣ್ಣಾ, ಥ್ಯಾಂಕ್ಸ್. ಈ ವಾರ ಪಾಳಿ ನಿಜವಾಗಿಯೂ ನಮ್ಮದೇ ಇತ್ತು. ಮೂರು ಅಂತಸ್ತು ಒರೆಸಿ, ಹಲಗೆ ಪಕ್ಕದ ಮನೆ ಹಿಡಿಕೆಗೆ ತೂಗಿ ಹಾಕಿದೆ. ಅಜ್ಜಿ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಏನೋ ಅಂದರು. "ನೋಖ್ ಮಾಲ್, ಬಿಟ್ಟೆ" ಅಂದೆ. ಮತ್ತೆ ನಿಧಾನವಾಗಿ, ಮೊಣಕಾಲು ತೋರಿಸಿ ಹೇಳಿದರು. ತಮಗೆ ಈಗ ಬಗ್ಗೋಕೆ ಆಗೋದಿಲ್ಲ, ವಯಸ್ಸು "ಅಖ್ಟ್ ಉಂಟ್ ಜೀಬ್‌ಸಿಶ್" ಅಂತ.

ಮರಾಠಿ ಅಠ್ಠ್ಯಾಹತ್ತರ, ಎಪ್ಪತ್ತೆಂಟು! ಅಲ್ಲೇ ತಿಳಿಯಿತು.