ಸಹಾಯ ಬೇಕು: ಹಳೇ ಫೋರ್ ವೀಲ್ ಜೀಪಿನ ತಳದಲ್ಲಿ ಸದ್ದು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನ ಕಾಲದ ಜೀಪು, ಮಂಡ್ಯದಲ್ಲಿದೆ, ಮಾರೋಕೆ ಮನಸ್ಸಿಲ್ಲ. ಸ್ಪೀಡು 45 ದಾಟಿದರೆ ತಳದಿಂದ ಗುಂಯ್ ಅಂತ ಸದ್ದು. ಆಕ್ಸಿಲರೇಟರ್ ಒತ್ತಿದಾಗ ಕಮ್ಮಿ, ಬಿಟ್ಟ ತಕ್ಷಣ ಜಾಸ್ತಿ. ಮೈಸೂರು ರೋಡಲ್ಲಿ ಪಕ್ಕದಲ್ಲಿ ಕೂತ ಅಮ್ಮನ ಮಾತೂ ಕೇಳಿಸಲ್ಲ. ನ್ಯೂಟ್ರಲ್‌ಗೆ ಹಾಕಿ ಉರುಳಿಸಿದರೂ ಇರುತ್ತೆ, ಹಾಗಾಗಿ ಇಂಜಿನ್ ಅಲ್ಲ ಅನ್ಸುತ್ತೆ.

ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಶಾಫ್ಟಿನ ಎರಡೂ ಕ್ರಾಸ್ (ತುದಿಯ ಕೀಲು) ಹೊಸದು, ವೀಲ್ ಬೇರಿಂಗ್ ಹೊಸದು, ಡಿಫರೆನ್ಷಿಯಲ್‌ಗೆ (ಹಿಂದಿನ ಎರಡು ಚಕ್ರದ ನಡುವಿನ ಗೇರ್ ಡಬ್ಬಿ) 90 ನಂಬರ್ ಆಯಿಲ್ ಹಾಕ್ಸಿದೆ. ಮುಂದಿನ ಶಾಫ್ಟ್ ಬಿಚ್ಚಿ ಓಡಿಸಿದೆ, ಅದೇ ಸದ್ದು. ಒಬ್ಬ ಮೆಕ್ಯಾನಿಕ್ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಶಾಫ್ಟಿಗೆ ಶಕ್ತಿ ಹಂಚೋ ಡಬ್ಬಿ) ಬೇರಿಂಗ್ ಅಂತಾರೆ, ಇನ್ನೊಬ್ಬರು ಹಿಂದಿನ ಪಿನಿಯನ್ (ಶಾಫ್ಟ್ ಡಿಫರೆನ್ಷಿಯಲ್‌ಗೆ ಸೇರೋ ಕಡೆಯ ಗೇರ್) ಬೇರಿಂಗ್ ಅಂತಾರೆ. ಎರಡನ್ನೂ ಬಿಚ್ಚಿಸೋಷ್ಟು ದುಡ್ಡು ಈಗ ಕೈಲಿಲ್ಲ.

ಹಿಂದಿನ ಚಕ್ರ ಎರಡೂ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬಿಚ್ಚದೇನೇ ಇವೆರಡರಲ್ಲಿ ಯಾವುದು ಅಂತ ಖಚಿತ ಮಾಡ್ಕೊಳ್ಳೋದು ಹೇಗೆ? ಮೊದಲು ಯಾವುದನ್ನ ಬಿಚ್ಚಿಸಲಿ?